ಪೆಟ್ಟಿಗೆಯೊಳಗಿನ ತವರು



ಹಬ್ಬಕ್ಕೆ ಮನೆಯನ್ನು ಸಿಂಗರಿಸುವುದೆಂದರೆ ಅಂಗಡಿಗೆ ಹೋಗುವುದೆಂದು ತಿಳಿಯುವ ಅಭ್ಯಾಸ ಈಚಿನ ವರ್ಷಗಳಲ್ಲಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಡಿಸೆಂಬರ್ ಮಾಸ ಕಾಲಿಡುವುದಕ್ಕೆ ಮೊದಲೇ ಪೇಟೆಯ ಬೀದಿಗಳು ಹೊಳೆಯುವ ಹಾರಗಳಿಂದಲೂ, ಪ್ಲಾಸ್ಟಿಕ್ಕಿನ ಮರಗಳಿಂದಲೂ, ಕೆಂಪು ಟೊಪ್ಪಿಗೆ ತೊಟ್ಟ ಕ್ರಿಸ್ಮಸ್ ತಾತಂದಿರಿಂದಲೂ ತುಂಬಿಹೋಗುತ್ತವೆ. ಒಂದು ಸಂಜೆಯಲ್ಲಿ, ಒಂದೇ ಅಂಗಡಿಯಲ್ಲಿ, ಮನೆಯ ಇಡೀ ಅಲಂಕಾರವನ್ನು ಕೊಂಡು ತರುವುದು ಸಾಧ್ಯವಾಗಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊಸದನ್ನು ಕೊಳ್ಳುವ ಸಂತೋಷವೂ ಹಬ್ಬದ ಸಂತೋಷದ ಒಂದು ಅಂಶವೇ ಸರಿ. ಆದರೆ ಮಂಚದ ಕೆಳಗೋ ಅಟ್ಟದ ಮೇಲೋ ವರ್ಷದ ಹನ್ನೊಂದು ತಿಂಗಳು ಯಾರ ಕಣ್ಣಿಗೂ ಬೀಳದೆ ಕುಳಿತಿರುವ ತಗಡಿನ ಟ್ರಂಕನ್ನು ಕೆಳಗಿಳಿಸಿ, ಅದರ ಮುಚ್ಚಳವನ್ನು ತೆರೆದು, ಒಳಗಿರುವ ಹಳೆಯ ವಸ್ತುಗಳನ್ನು ಒಂದೊಂದಾಗಿ ಹೊರಗೆ ತೆಗೆದಾಗಲೇ ಕ್ರಿಸ್ಮಸ್ ಅಲಂಕಾರವು ಯಥಾರ್ಥವಾಗಿ ಆರಂಭವಾಗುತ್ತದೆಂಬುದು ನನ್ನ ದೃಢವಾದ ನಂಬಿಕೆ. ಆ ಹಳೆಯ ವಸ್ತುಗಳನ್ನು ಕುರಿತೂ, ಅವುಗಳನ್ನು ಮನೆಯಲ್ಲಿ ಇರಿಸುವ ಕ್ರಮವನ್ನು ಕುರಿತೂ ನಾಲ್ಕು ಮಾತು ಹೇಳಲು ಬಯಸುತ್ತೇನೆ.

ಈ ಮಾತನ್ನು ಆಡುವಾಗ ನಾನು ಬಾಳಿ ಬದುಕಿದ ಉತ್ತರ ಬೆಂಗಳೂರೇ ನನ್ನ ಕಣ್ಣ ಮುಂದಿದೆ. ಯಲಹಂಕವು ಪ್ರಾಚೀನವಾದ ಊರು. 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳಿಗೆ ಅಸ್ತಿಭಾರವಿಟ್ಟ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳು. ಹೆಬ್ಬಾಳದ ಕೆರೆಗೂ ಶತಮಾನಗಳ ಚರಿತ್ರೆಯಿದೆ. ಆದರೆ ಊರು ಹಳೆಯದಾದರೂ ಊರಿನಲ್ಲಿ ನೆಲಸಿರುವವರಲ್ಲಿ ಬಹುಮಂದಿ ಹೊಸಬರು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆಯೂ, ಅದರ ಮರುವರ್ಷ ಬಿ.ಇ.ಎಲ್. ಸಂಸ್ಥೆಯೂ ಸ್ಥಾಪಿತವಾದುವು, 1973ರಲ್ಲಿ ಹೆಬ್ಬಾಳದಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ ಆರಂಭವಾಯಿತು, 1984ರಲ್ಲಿ ಯಲಹಂಕದಲ್ಲಿ ರೈಲ್ವೆ ಇಲಾಖೆಯ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆ ತಲೆಯೆತ್ತಿತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಬಳ್ಳಾರಿ ರಸ್ತೆಯ ಎರಡು ಮಗ್ಗುಲಲ್ಲೂ ದ್ರಾಕ್ಷಿಯ ತೋಟಗಳಿದ್ದೆಡೆಯಲ್ಲಿ ಬಹುಮಹಡಿಯ ವಸತಿಗಳು ಎದ್ದುನಿಂತುವು. ಹೀಗೆ ಒಂದೊಂದು ಉದ್ಯೋಗವೂ ಒಂದೊಂದು ದಿಕ್ಕಿನಿಂದ ಕುಟುಂಬಗಳನ್ನು ಕರೆತಂದಿತು. ಮಂಗಳೂರಿನಿಂದ, ಕಾರವಾರದಿಂದ, ಕೇರಳದಿಂದ, ತಮಿಳುನಾಡಿನಿಂದ, ಕೋಲಾರದ ಚಿನ್ನದ ಗಣಿಗಳಿಂದ, ಕನಕಪುರದ ಕಡೆಯ ಹಳ್ಳಿಗಳಿಂದ ಬಂದ ಕ್ರೈಸ್ತ ಕುಟುಂಬಗಳು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿಯೂ, ಯಲಹಂಕ ಉಪನಗರದ ವಸತಿಗಳಲ್ಲಿಯೂ, ಆರ್.ಟಿ. ನಗರದ ವಠಾರಗಳಲ್ಲಿಯೂ ಬೀಡುಬಿಟ್ಟುವು.

ಬಂದವರು ಏನನ್ನು ತಂದರು? ಮನೆಯನ್ನು ತರಲಾಗಲಿಲ್ಲ, ಹೊಲವನ್ನೂ, ಬಾವಿಯನ್ನೂ, ಹಿರಿಯರ ಸಮಾಧಿಗಳನ್ನೂ, ತಮಗೆ ದೀಕ್ಷಾಸ್ನಾನವಾದ ಚರ್ಚನ್ನೂ ಹಿಂದೆ ಬಿಟ್ಟುಬಂದರು. ಪಾತ್ರೆಪಡಗಗಳ ಜತೆಗೆ ಒಂದು ಪೆಟ್ಟಿಗೆ ಮಾತ್ರ ಬಂದಿತು. ಆ ಪೆಟ್ಟಿಗೆಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬಾಲಯೇಸುವಿನ ಪ್ರತಿಮೆ, ಮೂಗು ಮುರಿದ ಒಂದು ಒಂಟೆ, ಯಾರೋ ದೊಡ್ಡಮ್ಮ ಕ್ರೋಷೆ ಕಡ್ಡಿಯಿಂದ ಹೆಣೆದ ಮೇಜಿನ ಹೊದಿಕೆ, ಬೆಳ್ಳಿಯ ಬಣ್ಣ ಅಲ್ಲಲ್ಲಿ ಹಾರಿಹೋದ ಎರಡು ಮೂರು ಗಾಜಿನ ಗೋಲಗಳು ಇದ್ದುವು. ಮೂರು ತಲೆಮಾರುಗಳ ನೆನಪು ಒಂದೇ ಸೂರಿನ ಕೆಳಗೆ ಉಳಿದಿರುವ ಪಿತ್ರಾರ್ಜಿತ ಮನೆಯಿರುವವರಿಗೆ ಇಂತಹ ಪೆಟ್ಟಿಗೆ ಒಂದು ಅಲಂಕಾರಸಾಮಗ್ರಿಯ ಭಂಡಾರ ಮಾತ್ರವಾಗಿರಬಹುದು. ಮೂರು ವರ್ಷಕ್ಕೊಮ್ಮೆ ಬಾಡಿಗೆಯ ಮನೆ ಬದಲಾಯಿಸುವ ಈ ಬಡಾವಣೆಗಳ ಕುಟುಂಬಗಳಿಗಾದರೋ ಅದೇ ತವರು. ಗೋಡೆಗಳು ಬದಲಾಗುತ್ತವೆ, ನೆರೆಯವರು ಬದಲಾಗುತ್ತಾರೆ, ಬಸ್ಸಿನ ನಂಬರು ಬದಲಾಗುತ್ತದೆ. ಡಿಸೆಂಬರಿನಲ್ಲಿ ಮಾತ್ರ ಅದೇ ಮೂಗಿಲ್ಲದ ಒಂಟೆ ಹೊರಗೆ ಬಂದು ಹಜಾರದ ಮೂಲೆಯಲ್ಲಿ ನಿಲ್ಲುತ್ತದೆ, ಆಗ ಆ ಬಾಡಿಗೆಯ ಹಜಾರ ನಮ್ಮ ಮನೆಯಾಗುತ್ತದೆ.

ನಾನು ಕಣ್ಣಾರೆ ಕಂಡ ಕೆಲವು ಮನೆಗಳ ಮಾತನ್ನು ಹೇಳುತ್ತೇನೆ. ಆರ್.ಟಿ. ನಗರದಲ್ಲಿ ಒಂದು ಕುಟುಂಬ; ಅವರು ಚಿನ್ನದ ಗಣಿಯ ಕಡೆಯವರು. ಕೋಲಾರದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಹರಿದಿತ್ತು. ಬೆಂಗಳೂರಿನ ಬೀದಿಗಳಿಗೆ ಆ ಭಾಗ್ಯ ಬಂದುದು 1905ರಲ್ಲಿ. ಆದುದರಿಂದ ವಿದ್ಯುದ್ದೀಪದ ನಕ್ಷತ್ರವನ್ನು ಸೂರಿಗೆ ಕಟ್ಟಿದ ಹೆಮ್ಮೆ ತಮ್ಮ ಊರಿಗೇ ಮೊದಲು ಸಲ್ಲಬೇಕೆಂದು ಆ ಮನೆಯ ಹಿರಿಯರು ಇಂದಿಗೂ ಗಂಭೀರವಾಗಿ ವಾದಿಸುತ್ತಾರೆ. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದುವು. ಸಾವಿರಾರು ಸಂಸಾರಗಳು ಜೀವನೋಪಾಯವನ್ನು ಅರಸಿ ಚೆದರಿಹೋದುವು. ಈ ಕುಟುಂಬ ತಂದ ಪೆಟ್ಟಿಗೆಯಲ್ಲಿ ತಾತನವರು ಸುರಂಗದೊಳಕ್ಕೆ ಇಳಿಯುವಾಗ ಒಯ್ಯುತ್ತಿದ್ದ ಒಂದು ಹಿತ್ತಾಳೆಯ ಕೈದೀಪವಿದೆ. ವರ್ಷವೆಲ್ಲ ಅದು ಬೀರುವಿನಲ್ಲಿರುತ್ತದೆ. ಕ್ರಿಸ್ಮಸ್ಸಿನಲ್ಲಿ ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಕ್ರಿಸ್ತಜನನದ ದೃಶ್ಯವನ್ನು ತೋರುವ ಗೋದಲಿಯ ಪಕ್ಕದಲ್ಲಿ, ಕುರುಬರ ಗೊಂಬೆಗಳ ಹಿಂದೆ ಇರಿಸುತ್ತಾರೆ. ನೆಲದ ಕೆಳಗಿನ ಕತ್ತಲಲ್ಲಿ ದುಡಿದವನ ದೀಪವು ಇರುಳಲ್ಲಿ ಕುರಿ ಕಾಯ್ದವರ ಬೆನ್ನಿಗೆ ನಿಲ್ಲುವುದು ಎಷ್ಟು ಉಚಿತವಾದ ಸ್ಥಾನ! ಯಾವ ಅಂಗಡಿಯಲ್ಲಿ ಇಂತಹ ಅಲಂಕಾರ ದೊರೆತೀತು?

ಯಲಹಂಕ ಉಪನಗರದ ಇನ್ನೊಂದು ಮನೆಯವರು ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರು. ಅವರ ಅಡಿಗೆಮನೆಯ ಹಬ್ಬದ ಸಾಮಗ್ರಿಯೇ ಅವರ ಹಜಾರದ ಅಲಂಕಾರ. ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳನ್ನು ಮಾಡುವ ಉಪಕರಣಗಳು, ಎಂದರೆ ಕೊಕ್ಕೀಸಕ್ಕೆ ಬೇಕಾದ ಗುಲಾಬಿ ಹೂವಿನಾಕಾರದ ಅಚ್ಚು, ಕಿಡಿಯೊಗಳಿಗೆ ಗೆರೆ ಮೂಡಿಸುವ ಮರದ ಬಾಚಣಿಗೆ, ನೆವ್ರಿಯ ಅಂಚನ್ನು ಕತ್ತರಿಸುವ ಹಲ್ಲುಗಾಲಿಯ ಕತ್ತಿ, ಇವೆಲ್ಲ ಆ ಗೃಹಿಣಿಗೆ ಅತ್ತೆಯವರಿಂದ ಬಂದವು, ಅತ್ತೆಯವರಿಗೆ ಅವರ ತಾಯಿಯಿಂದ ಬಂದವು. ತಿಂಡಿಗಳ ಕೆಲಸ ಮುಗಿದು ಡಬ್ಬಗಳು ತುಂಬಿದ ಮೇಲೆ ಅವನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಕೆಂಪು ರಿಬ್ಬನ್ನಿನಲ್ಲಿ ಕಟ್ಟಿ, ಕಿಟಕಿಯ ಸರಳಿಗೆ ತೂಗುಬಿಡುತ್ತಾರೆ. ಬಂದ ಅತಿಥಿಗಳು ಬಾಯಲ್ಲಿ ಕೊಕ್ಕೀಸವನ್ನು ಕುರುಕುತ್ತ, ಕಣ್ಣಲ್ಲಿ ಅದರ ಅಚ್ಚನ್ನು ನೋಡುತ್ತ, ಅದರ ಕಥೆಯನ್ನು ಕಿವಿಯಲ್ಲಿ ಕೇಳುತ್ತಾರೆ.

ನಮ್ಮ ಮನೆಯ ಟ್ರಂಕು ತಾಯಿಯ ತವರಾದ ಹಾರೋಬೆಲೆಯ ಕಡೆಯಿಂದ ಬಂದುದು. ಕನಕಪುರದ ಸಮೀಪದ ಆ ಊರು ಶುಭಶುಕ್ರವಾರದ ಯೇಸುಪಾಡಿನ ನಾಟಕಕ್ಕೆ ಪ್ರಸಿದ್ಧವಾಗಿದೆ. ಅಲ್ಲಿನ ಜನ ರೇಷ್ಮೆ, ರಾಗಿಗಳನ್ನು ನೆಚ್ಚಿಕೊಂಡ ಅಚ್ಚ ಕನ್ನಡದ ರೈತರು. ಅವರ ಕ್ರಿಸ್ಮಸ್ಸಿನಲ್ಲಿ ಪರದೇಶದ ವಸ್ತುಗಳು ವಿರಳ. ಇದ್ದುದೆಲ್ಲ ಹುಲ್ಲು, ಮಣ್ಣು, ಬಿದಿರು, ಬಣ್ಣದ ಕಾಗದ. ನಮ್ಮ ಗೋದಲಿಯ ಗೊಂಬೆಗಳು ಕುಂಬಾರರ ಕೈಯವು. ಅಲ್ಲಿ ಜೋಸೆಫನಿಗೆ ಮುಂಡಾಸಿದೆ, ಎತ್ತಿಗೆ ಹಳ್ಳಿಕಾರ್ ತಳಿಯ ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬಿದೆ.

ಗೋದಲಿಯ ಪ್ರಸ್ತಾಪ ಬಂದುದರಿಂದ ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಈ ಹಬ್ಬದ ಅಲಂಕಾರಗಳಲ್ಲೆಲ್ಲ ಅದೇ ಹೃದಯಸ್ಥಾನದಲ್ಲಿರುವಂಥದು. 1223ರಲ್ಲಿ ಇಟಲಿ ದೇಶದ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಒಂದು ಮೇವಿನ ತೊಟ್ಟಿ, ಒಂದಿಷ್ಟು ಒಣಹುಲ್ಲು, ಜೀವಂತವಾದ ಒಂದು ಎತ್ತು, ಒಂದು ಕತ್ತೆ, ಇಷ್ಟನ್ನು ಮಾತ್ರ ಇರಿಸಿಕೊಂಡು ಕ್ರಿಸ್ತಜನನದ ದೃಶ್ಯವನ್ನು ಜನರ ಕಣ್ಣಿಗೆ ತಂದರು. ಲ್ಯಾಟಿನ್ ಭಾಷೆಯ ಪೂಜೆ ಅರ್ಥವಾಗದ ಬಡ ರೈತರಿಗೆ, ದೇವರು ತಮ್ಮ ಕೊಟ್ಟಿಗೆಯಂತಹುದೇ ಕೊಟ್ಟಿಗೆಯಲ್ಲಿ ಹುಟ್ಟಿದನೆಂಬುದು ಅಂದು ಮನಸ್ಸಿಗೆ ಹತ್ತಿತು. ಅಂದಿನಿಂದ ಎಂಟು ಶತಮಾನಗಳು ಕಳೆದಿವೆ. ಗೋದಲಿಯನ್ನು ಕಟ್ಟುವ ಪ್ರತಿಯೊಂದು ನಾಡಿನ ಜನವೂ ಅದರಲ್ಲಿ ತಮ್ಮ ನಾಡಿನ ಹುಲ್ಲನ್ನೂ ತಮ್ಮ ದನವನ್ನೂ ಇರಿಸುತ್ತ ಬಂದಿದ್ದಾರೆ. ಮುಂಡಾಸಿನ ಜೋಸೆಫನಿಗಾಗಿ ನಾವು ಸಂಕೋಚಪಡಬೇಕಾದುದೇನೂ ಇಲ್ಲ.

ನಮ್ಮ ಕಡೆ ಗೋದಲಿಯ ಹಸಿರು ಬಯಲಿಗೆ ರಾಗಿಯ ಪೈರನ್ನು ಬೆಳೆಸುವ ಒಂದು ಸುಂದರವಾದ ಪದ್ಧತಿಯಿದೆ. ಹಬ್ಬಕ್ಕೆ ಎರಡು ವಾರ ಮುಂಚೆ ಒಂದು ಹಿಡಿ ರಾಗಿಯನ್ನು ಒಂದು ರಾತ್ರಿ ನೆನೆಯಿಟ್ಟು, ಅಗಲವಾದ ತಟ್ಟೆಯಲ್ಲೋ ಒಡೆದ ಮಡಕೆಯ ಬೋಕಿಯಲ್ಲೋ ಮಣ್ಣು ಹರಡಿ, ಒತ್ತಾಗಿ ಬಿತ್ತಿ, ಮೇಲೆ ತೆಳುವಾಗಿ ಮಣ್ಣುದುರಿಸಿ, ಕೈಯಿಂದ ನೀರು ಚಿಮುಕಿಸುತ್ತ ಹೋದರೆ, ನಾಲ್ಕೈದು ದಿನಗಳಲ್ಲಿ ಮೊಳಕೆ ತಲೆಯೆತ್ತುತ್ತದೆ. ಡಿಸೆಂಬರಿನ ಚಳಿಯಲ್ಲಿ ಒಂದೆರಡು ದಿನ ತಡವಾಗಬಹುದು. ಹಬ್ಬದ ಮುನ್ನಾದಿನ ಅದು ನಾಲ್ಕು ಬೆರಳೆತ್ತರ ಬೆಳೆದು ಗಿಣಿಹಸಿರಿನ ಗದ್ದೆಯಾಗಿರುತ್ತದೆ. ತಟ್ಟೆಯನ್ನು ಬೆಳಕಿಗಿಡುವುದನ್ನು ಮರೆಯಬಾರದು. ಕತ್ತಲಲ್ಲಿ ಬೆಳೆದ ಪೈರು ಹಳದಿಯಾಗಿ ಸೊರಗುತ್ತದೆ. ಅಪಾರ್ಟ್‌ಮೆಂಟಿನ ಹನ್ನೆರಡನೆಯ ಮಹಡಿಯ ಬಾಲ್ಕನಿಯಲ್ಲಿಯೂ ಇದು ಸಾಧ್ಯ. ನಾಲ್ಕು ತಲೆಮಾರಿನ ಹಿಂದೆ ಯಲಹಂಕದ ಸುತ್ತ ಎತ್ತ ನೋಡಿದರೂ ಇದ್ದುದು ರಾಗಿಯ ಹೊಲವೇ. ಆ ಹೊಲಗಳ ಮೇಲೆ ಇಂದು ನಿಂತಿರುವ ಕಟ್ಟಡಗಳೊಳಗೆ ವರ್ಷಕ್ಕೊಮ್ಮೆ ಒಂದು ತಟ್ಟೆಯಷ್ಟಾದರೂ ರಾಗಿ ಹಸಿರಾಗುವುದು ನನಗೆ ಬಹು ಪ್ರಿಯವಾದ ಸಂಗತಿ. ಹತ್ತಿಯನ್ನು ಹಿಂಜಿ ಹಿಮವೆಂದು ಹರಡುವವರ ಮೇಲೆ ನನಗೆ ಕೋಪವಿಲ್ಲ. ಆದರೆ ಈ ನೆಲದ ಪೈರು ಕೈಯಳತೆಯಲ್ಲೇ ಇರುವಾಗ ಇಲ್ಲಿ ಎಂದೂ ಬೀಳದ ಹಿಮವನ್ನು ಆಶ್ರಯಿಸಬೇಕೇಕೆಂಬುದು ನನ್ನ ಪ್ರಶ್ನೆ.

ಗೋದಲಿಯಲ್ಲಿ ಗೊಂಬೆಗಳು ಒಂದೇ ಜೋಡಿಯವಾಗಿರಬೇಕೆಂಬ ನಿರ್ಬಂಧವನ್ನು ದಯವಿಟ್ಟು ಬಿಡಿರಿ. ಹಳೆಯ ಮನೆಗಳ ಗೋದಲಿಯಲ್ಲಿ ಕುರಿಯು ಕತ್ತೆಗಿಂತ ದೊಡ್ಡದಾಗಿರುವುದುಂಟು. ಬಾಲಯೇಸುವನ್ನು ಕಾಣಬಂದ ಮೂಡಣ ದೇಶದ ಜೋಯಿಸರಲ್ಲಿ ಇಬ್ಬರು ಸುಣ್ಣಗಾರೆಯವರು, ಮೂರನೆಯವನು ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆ. ಒಡೆದ ಒಂದರ ಸ್ಥಾನವನ್ನು ಎಲ್ಲಿಂದಲೋ ಬಂದ ಇನ್ನೊಂದು ತುಂಬಿದೆ. ಆ ಅಸಮತೆಯಲ್ಲಿಯೇ ಮನೆಯ ಚರಿತ್ರೆಯಿದೆ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವವರು ಇದನ್ನು ಚೆನ್ನಾಗಿ ಬಲ್ಲರು. ತಾಯಿ ಮಗಳಿಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಕೂರುತ್ತವೆ. ಅವುಗಳ ಬಣ್ಣ ಮಾಸಿದೆಯೆಂದು ಯಾರೂ ಅವನ್ನು ಹಿಂದಕ್ಕೆ ಸರಿಸುವುದಿಲ್ಲ. ವರ್ಷಕ್ಕೊಂದು ಹೊಸ ಗೊಂಬೆ ಕೆಳಗಿನ ಮೆಟ್ಟಿಲಿಗೆ ಸೇರುತ್ತದೆ, ಕಾಲಕ್ರಮದಲ್ಲಿ ಅದೂ ಹಳೆಯದಾಗಿ ಮೇಲಕ್ಕೇರುತ್ತದೆ. ಈ ಕ್ರಮವನ್ನೇ ಗೋದಲಿಗೂ ಅನ್ವಯಿಸಿಕೊಳ್ಳಬಹುದು. ಹಳೆಯದು ಮುಂದಿರಲಿ, ಮುರಿದುದು ಮುಂದಿರಲಿ. ವರ್ಷಕ್ಕೆ ಒಂದೇ ಒಂದು ಹೊಸ ವಸ್ತು ಸೇರಲಿ. ನಮ್ಮ ನೆರೆಯ ಮನೆಯವರು ತಮ್ಮ ದಸರಾ ಗೊಂಬೆಗಳ ಸಾಲಿನಿಂದ ಒಂದು ಹಾಲುಮಾರುವವಳ ಗೊಂಬೆಯನ್ನು ವರ್ಷವರ್ಷವೂ ಡಿಸೆಂಬರಿನಲ್ಲಿ ನಮ್ಮ ಗೋದಲಿಗೆ ಎರವಲು ಕೊಡುತ್ತಿದ್ದರು. ಬೆತ್ಲೆಹೇಮಿನ ಹಾದಿಯಲ್ಲಿ ಹಾಲಿನ ಬಿಂದಿಗೆ ಹೊತ್ತ ಆ ಹೆಂಗಸು ಇಲ್ಲದ ಹಬ್ಬವನ್ನು ನಮ್ಮ ಮಕ್ಕಳು ಒಪ್ಪುತ್ತಲೇ ಇರಲಿಲ್ಲ.

ಹಳೆಯ ಕ್ರಮದಲ್ಲಿ ಗೋದಲಿಯನ್ನು ಒಂದೇ ದಿನ ಪೂರ್ಣಗೊಳಿಸುವುದಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ನಿರೀಕ್ಷೆಯ ಕಾಲ. ಆಗ ಕೊಟ್ಟಿಗೆ ಬರುತ್ತದೆ, ಹುಲ್ಲು ಬರುತ್ತದೆ, ದನಕರುಗಳು ಬರುತ್ತವೆ. ತೊಟ್ಟಿ ಮಾತ್ರ ಬರಿದಾಗಿರುತ್ತದೆ. ಡಿಸೆಂಬರ್ 24ರ ನಡುರಾತ್ರಿ ಮನೆಯ ಅತ್ಯಂತ ಕಿರಿಯ ಮಗುವಿನ ಕೈಯಿಂದ ಬಾಲಯೇಸುವನ್ನು ಅದರಲ್ಲಿ ಮಲಗಿಸುತ್ತಾರೆ. ಜೋಯಿಸರು ಹಜಾರದ ಮತ್ತೊಂದು ಮೂಲೆಯಿಂದ, ಪುಸ್ತಕದ ಕಪಾಟಿನ ಮೇಲಿನಿಂದಲೋ ರೇಡಿಯೋ ಪೆಟ್ಟಿಗೆಯ ಮೇಲಿನಿಂದಲೋ ಹೊರಟು, ದಿನಕ್ಕೊಂದು ಗೇಣು ಮುಂದುವರಿಯುತ್ತ, ಜನವರಿ 6ರಂದು ಗೋದಲಿಯನ್ನು ಸೇರುತ್ತಾರೆ. ಒಂದೇ ಬಾರಿಗೆ ಎಲ್ಲವನ್ನೂ ಹರಡಿಬಿಡುವ ಮನೆಯ ಮಕ್ಕಳಿಗೆ ಈ ನಿತ್ಯಪ್ರಯಾಣದ ಕುತೂಹಲ ದೊರೆಯುವುದಿಲ್ಲ.

ಇನ್ನು ಮರ. ವಿಕ್ಟೋರಿಯಾ ರಾಣಿಯ ಕುಟುಂಬವು ಸಿಂಗರಿಸಿದ ಮರದ ಸುತ್ತ ನಿಂತಿರುವ ಚಿತ್ರವು 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಮೇಲೆ, ಮೊದಲು ಜರ್ಮನರದಾಗಿದ್ದ ಈ ಪದ್ಧತಿ ಆಂಗ್ಲರಲ್ಲಿ ಮನೆಮನೆಗೂ ಹಬ್ಬಿ, ಅವರ ಮೂಲಕ ನಮ್ಮ ದಂಡುಪ್ರದೇಶಕ್ಕೂ ಬಂದಿತು. ನಮಗೆ ಫರ್ ಮರವೆಲ್ಲಿಯದು? ಸರ್ವೆಯ ಕೊಂಬೆಯೇ ಆಧಾರವಾಯಿತು. ಸೂಜಿಯಂತೆ ತೋರುವ ಅದರ ಹಸಿರು ಕಡ್ಡಿಗಳು ನಿಜವಾಗಿ ಎಲೆಗಳಲ್ಲ, ಗೆಣ್ಣುಗೆಣ್ಣಾದ ಎಳೆಯ ರೆಂಬೆಗಳು; ಗಾಳಿಗೆ ಅವು ಹೊರಡಿಸುವ ಮರ್ಮರವನ್ನು ನಾನು ಕ್ರಿಸ್ಮಸ್ಸಿನ ಧ್ವನಿಯೆಂದೇ ಬಾಲ್ಯದಲ್ಲಿ ತಿಳಿದಿದ್ದೆ. ಉಳ್ಳವರು ಅರಕೇರಿಯಾ ಗಿಡವನ್ನು ಕುಂಡದಲ್ಲಿ ಸಾಕುತ್ತಿದ್ದರು. 1961ರಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಎಲಿಜಬೆತ್ ಲಾಲ್‌ಬಾಗಿನಲ್ಲಿ ನೆಟ್ಟುದೂ ಅರಕೇರಿಯಾದ ಸಸಿಯನ್ನೇ. ಕುಂಡದ ಅರಕೇರಿಯಾ ಕುಟುಂಬದೊಂದಿಗೆ ಬೆಳೆಯುತ್ತದೆ. ಮಗು ಹುಟ್ಟಿದ ವರ್ಷ ತಂದ ಗಿಡವು ಮಗುವಿಗಿಂತ ಎತ್ತರವಾಗಿ, ಕೊನೆಗೆ ಅಂಗಳದ ಪಾಲಾಗುವುದನ್ನು ನಾನು ಹೆಬ್ಬಾಳದಲ್ಲಿ ಕಂಡಿದ್ದೇನೆ.

ಮರಕ್ಕೆ ತೂಗುವ ಗಾಜಿನ ಗೋಲಗಳು ಜರ್ಮನಿಯ ಥುರಿಂಜಿಯಾ ಪ್ರಾಂತದ ಲೌಶಾ ಎಂಬ ಹಳ್ಳಿಯ ಕುಶಲಕರ್ಮಿಗಳ ಸೃಷ್ಟಿ. ಬಿಸಿಯಾದ ಗಾಜಿನ ನಳಿಗೆಯನ್ನು ಬಾಯಿಂದ ಊದಿ ಉಬ್ಬಿಸಿ, ಒಳಗೆ ಬೆಳ್ಳಿಯ ದ್ರಾವಣವನ್ನು ಕುಲುಕಿ ಕನ್ನಡಿಯ ಹೊಳಪು ತಂದು, ಹೊರಗೆ ಬಣ್ಣ ಬಳಿಯುವುದು ಅವರ ಮನೆಯವರೆಲ್ಲ ಕೂಡಿ ಮಾಡುತ್ತಿದ್ದ ಕಸುಬು. ನಿಮ್ಮ ಟ್ರಂಕಿನಲ್ಲಿ ಅಂತಹ ಹಳೆಯ ಗೋಲವಿದ್ದರೆ ಅದನ್ನು ನೀರಿನಿಂದ ತೊಳೆಯಬೇಡಿರಿ. ಹೊರಗಿನ ಬಣ್ಣ ನೀರು ತಾಗಿದರೆ ಎದ್ದುಬರುತ್ತದೆ, ಕತ್ತಿನ ತೂತಿನಿಂದ ಒಳಕ್ಕೆ ಹೋದ ತೇವ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮೃದುವಾದ ಒಣ ಕುಂಚದಿಂದ ಧೂಳನ್ನು ಹಾರಿಸಿದರೆ ಸಾಕು. ಸುಣ್ಣಗಾರೆಯ ಗೊಂಬೆಗಳಿಗೂ ನೀರು ಶತ್ರು. ಇವುಗಳನ್ನು ಮತ್ತೆ ಕಟ್ಟಿಡುವಾಗ ವೃತ್ತಪತ್ರಿಕೆಯ ಕಾಗದಕ್ಕಿಂತ ಒಗೆದು ಒಣಗಿಸಿದ ಹಳೆಯ ಹತ್ತಿಯ ಪಂಚೆಯ ತುಂಡು ಎಷ್ಟೋ ಮೇಲು. ಪತ್ರಿಕೆಯ ಮಸಿ ಹತ್ತುತ್ತದೆ, ಕಾಗದ ಹಳೆಯದಾದಂತೆ ಅದರ ಆಮ್ಲ ವಸ್ತುವನ್ನು ತಿನ್ನುತ್ತದೆ. ನುಸಿಗೆ ಬೇವಿನ ಒಣಗಿದ ಎಲೆಯೂ ಬಜೆಯ ತುಂಡುಗಳೂ ಆಗಬಹುದು. ಟ್ರಂಕನ್ನು ಗೋಡೆಗೆ ತಾಗಿಸದೆ, ನೆಲದಿಂದ ಎರಡು ಇಟ್ಟಿಗೆಯಷ್ಟು ಎತ್ತರಿಸಿ ಇರಿಸಿದರೆ ಗೆದ್ದಲಿನ ಭಯ ಕಡಮೆ.

ದೀಪಗಳ ವಿಷಯದಲ್ಲಿ ಮಾತ್ರ ನಾನು ಹಳೆಯದರ ಪಕ್ಷಪಾತಿಯಲ್ಲ. ಕ್ರಿಸ್ಮಸ್ ಮರಕ್ಕೆ ಮೊತ್ತಮೊದಲು ವಿದ್ಯುದ್ದೀಪ ಪೋಣಿಸಿದವನು 1882ರಲ್ಲಿ ನ್ಯೂಯಾರ್ಕಿನಲ್ಲಿದ್ದ ಎಡಿಸನ್ನನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್. ಆತ ಉಪಯೋಗಿಸಿದುದು 80 ದೀಪಗಳನ್ನು. ನಮ್ಮ ಯಶವಂತಪುರದ ಬಳಿ 1936ರಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬು ಅದೆಷ್ಟು ಮನೆಗಳ ಕಾಗದದ ನಕ್ಷತ್ರದೊಳಗೆ ಬೆಳಗಿತೋ ಲೆಕ್ಕವಿಟ್ಟವರಿಲ್ಲ. ಆಮೇಲೆ ಸೀರಿಯಲ್ ಸೆಟ್ಟುಗಳು ಬಂದುವು. 6 ವೋಲ್ಟಿನ ಸುಮಾರು 40 ಪುಟ್ಟ ಬಲ್ಬುಗಳನ್ನು ಒಂದರ ಬೆನ್ನಿಗೊಂದರಂತೆ ಜೋಡಿಸಿ 230 ವೋಲ್ಟಿನ ವಿದ್ಯುತ್ತನ್ನು ಹಂಚುವ ಆ ಸರದಲ್ಲಿ ಒಂದು ಬಲ್ಬು ಸುಟ್ಟರೆ ಇಡೀ ಸರ ಆರುತ್ತಿತ್ತು; ಸುಟ್ಟುದನ್ನು ಹುಡುಕುವ ಕೆಲಸದಲ್ಲಿ ತಂದೆಮಕ್ಕಳು ಕಳೆದ ಸಂಜೆಗಳು ಎಷ್ಟೋ. ಆ ನೆನಪು ಮಧುರವಾದರೂ, ಆ ತಂತಿಗಳ ಹೊದಿಕೆ ಇಂದು ಬಿರಿದಿರುತ್ತದೆ. ಕಾದ ಬಲ್ಬು ಒಣಹುಲ್ಲನ್ನೋ ಹತ್ತಿಯನ್ನೋ ತಾಗಿದರೆ ಅನಾಹುತವಾಗುವುದು. ಆದುದರಿಂದ ಹಳೆಯ ಸರವನ್ನು ಗಾಜಿನ ಭರಣಿಯಲ್ಲಿ ತುಂಬಿ ಕಪಾಟಿನ ಮೇಲೆ ನೋಟಕ್ಕೆ ಇರಿಸಿರಿ. ಬೆಳಕಿಗೆ ಇಂದಿನ ಎಲ್‌ಇಡಿ ದೀಪವನ್ನೇ ಬಳಸಿರಿ. ಹಳೆಯ ಬಿದಿರುಕಡ್ಡಿಯ ನಕ್ಷತ್ರದ ಹಂದರ ಗಟ್ಟಿಯಾಗಿದ್ದರೆ ಅದಕ್ಕೆ ಹೊಸ ಬಣ್ಣದ ಕಾಗದ ಅಂಟಿಸಿ, ಒಳಗೆ ಹೊಸ ದೀಪವಿಡಬಹುದು. ತಾತ ಕಟ್ಟಿದ ಎಲುಬು, ಮೊಮ್ಮಗಳು ಅಂಟಿಸಿದ ಕಾಗದ, ಎರಡೂ ಕೂಡಿ ಒಂದೇ ನಕ್ಷತ್ರವಾಗುತ್ತದೆ.

ಈಚೆಗೆ ಹಳೆಯದಾಗಿ ಕಾಣುವಂತೆ ಹೊಸದಾಗಿ ಮಾಡಿದ ಅಲಂಕಾರಗಳು ಮಾರಾಟಕ್ಕೆ ಬರುತ್ತಿವೆ. ಬೇಕೆಂದೇ ಬಣ್ಣ ಕೆರೆದ ದೇವದೂತ, ಬೇಕೆಂದೇ ತುಕ್ಕು ಹಿಡಿಸಿದ ಲಾಂದ್ರ, ಇಂಥವನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ಸವೆತಕ್ಕೆ ಬೆಲೆ ಬಂದುದು ಅದನ್ನು ಸವೆಸಿದ ಕೈಗಳಿಂದಲ್ಲವೇ? ಕೈಗಳಿಲ್ಲದ ಸವೆತವನ್ನು ಹಣ ಕೊಟ್ಟು ತಂದರೆ ಮನೆಯಲ್ಲಿ ಯಾರ ಕಥೆಯನ್ನು ಹೇಳೋಣ? ಹಿಂದಿನ ಪೆಟ್ಟಿಗೆ ಇಲ್ಲದ ದಂಪತಿಗಳು, ಮನೆಯವರಿಂದ ದೂರವಾದವರು, ಮೊದಲ ಬಾರಿಗೆ ಹಬ್ಬ ಮಾಡುವವರು ಇದ್ದೇ ಇರುತ್ತಾರೆ. ಅವರು ಹಳೆಯದಿಲ್ಲವೆಂದು ಕುಗ್ಗಬೇಕಾಗಿಲ್ಲ. ರಸ್ಸೆಲ್ ಮಾರುಕಟ್ಟೆಯ ಸುತ್ತಮುತ್ತ ಡಿಸೆಂಬರಿನಲ್ಲಿ ಮಾರುವ ಒಂದು ಮಣ್ಣಿನ ಗೊಂಬೆಯನ್ನು ಕೊಂಡು, ಅದರ ತಳದಲ್ಲಿ ಆ ವರ್ಷವನ್ನು ಬರೆದು, ಮುಂದಿನ ವರ್ಷ ಅದನ್ನು ಜೋಪಾನವಾಗಿ ಹೊರತೆಗೆದರೆ ಅಂದೇ ಒಂದು ಪೆಟ್ಟಿಗೆ ಹುಟ್ಟಿದಂತಾಯಿತು.

ಹಳೆಯ ವಸ್ತುಗಳನ್ನು ಜೋಡಿಸುವಾಗ ಅಲ್ಪವೇ ಮೇಲು. ಇರುವುದೆಲ್ಲವನ್ನೂ ಹಜಾರದಲ್ಲಿ ಕಿಕ್ಕಿರಿಸಿದರೆ ಒಂದೂ ಮಾತನಾಡುವುದಿಲ್ಲ. ಒಂದು ಮೂಲೆಗೆ ಗೋದಲಿ. ಊಟದ ಮೇಜಿನ ಮೇಲೆ ದೊಡ್ಡಮ್ಮನ ಹೊದಿಕೆ, ಸಾರಿನ ಕಲೆ ಬಿದ್ದರೂ ಬೀಳಲಿ, ಬಳಸುವುದಕ್ಕೆಂದೇ ಅವರು ಅದನ್ನು ಹೆಣೆದರು. ಗೋಡೆಯಿಂದ ಗೋಡೆಗೆ ಕಟ್ಟಿದ ದಾರದ ಮೇಲೆ ಹಳೆಯ ಶುಭಾಶಯಪತ್ರಗಳು, ಒಂದೆರಡನ್ನಾದರೂ ಒಳಗಿನ ಅಕ್ಷರ ಕಾಣುವಂತೆ ತಿರುಗಿಸಿ. ತೀರಿಕೊಂಡವರ ಕೈಬರಹಕ್ಕಿಂತ ದೊಡ್ಡ ಅಲಂಕಾರವನ್ನು ನಾನರಿಯೆ. ಕುಟುಂಬದ ಜನನಮರಣಗಳನ್ನು ಮೊದಲ ಹಾಳೆಯಲ್ಲಿ ಬರೆದಿಟ್ಟಿರುವ ಹಳೆಯ ಕನ್ನಡ ಬೈಬಲ್ಲು ಮನೆಯಲ್ಲಿದ್ದರೆ ಅದನ್ನು ಆ ಹಾಳೆ ಕಾಣುವಂತೆ ತೆರೆದಿಡಿರಿ. ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಎಲ್ಲವನ್ನೂ ಇಟ್ಟು ಕಾವಲು ಕಾಯುವುದು ಬೇಡ. ಮುಟ್ಟಿ ನೋಡದ ವಸ್ತುವಿನ ಮೇಲೆ ಮಮತೆ ಹುಟ್ಟುವುದು ಕಷ್ಟ. ಒಡೆದೀತೆಂಬ ಭಯವುಂಟು, ನಿಜ. ಒಡೆದರೆ ಅಂಟಿಸೋಣ, ನಮ್ಮ ಮನೆಯ ದೇವದೂತನ ರೆಕ್ಕೆ ಅಂಟಿಸಿದುದೇ.

ಆರ್.ಟಿ. ನಗರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಕೂರರು 1910ರ ಡಿಸೆಂಬರ್ 25ರಂದು ಶಾಂತಿನಿಕೇತನದಲ್ಲಿ ಕ್ರಿಸ್ತೋತ್ಸವವನ್ನು ಆರಂಭಿಸಿದರು. ಅಂದಿನಿಂದ ಅಲ್ಲಿನ ಗಾಜಿನ ಮಂದಿರದಲ್ಲಿ ಆ ದಿನ ಮೇಣದ ಬತ್ತಿಗಳು ಬೆಳಗುತ್ತ ಬಂದಿವೆ. ಅವರ ಹೆಸರನ್ನು ಹೊತ್ತ ಬಡಾವಣೆಯಲ್ಲಿ ಮಸೀದಿಯ, ಮಂದಿರದ, ಚರ್ಚಿನ ಜನ ಒಂದೇ ಬೀದಿಯಲ್ಲಿ ಬಾಳುತ್ತಾರೆ. ಹಬ್ಬದ ಸಂಜೆ ಒಬ್ಬರ ಮನೆಗೊಬ್ಬರು ಬರುತ್ತಾರೆ. ಬಂದವರಿಗೆ ಕೇಕು ಕೊಟ್ಟು ಕಳುಹಿಸುವುದರ ಜತೆಗೆ ಗೋದಲಿಯ ಮುಂದೆ ಕೂರಿಸಿ ಆ ಕೈದೀಪದ, ಆ ಅಚ್ಚಿನ, ಆ ಒಂಟೆಯ ಕಥೆಯನ್ನು ಹೇಳಿರಿ. ಹೇಳುವಾಗ ನಿಮ್ಮ ಮಕ್ಕಳೂ ಬಳಿಯಲ್ಲಿರುತ್ತಾರೆ. ನೇರವಾಗಿ ಹೇಳಿದರೆ ಕೇಳದ ಮಕ್ಕಳು ಅತಿಥಿಗಳಿಗೆ ಹೇಳಿದುದನ್ನು ಕಿವಿಗೊಟ್ಟು ಕೇಳುವರೆಂಬುದು ನನ್ನ ಅನುಭವ.

ಆದರೆ ಕಥೆಯನ್ನು ಬಲ್ಲವರು ಯಾರು? ಪೆಟ್ಟಿಗೆ ನಮ್ಮ ಬಳಿಯಿದೆ, ಅದರ ವೃತ್ತಾಂತ ಎಂಬತ್ತು ದಾಟಿದ ಯಾವುದೋ ಚಿಕ್ಕಮ್ಮನ ನೆನಪಿನಲ್ಲಿದೆ. ಆಕೆ ಜಾಲಹಳ್ಳಿಯಲ್ಲಿ ಮಗನ ಮನೆಯಲ್ಲಿರಬಹುದು, ಅಥವಾ ಊರಿನಲ್ಲೇ ಉಳಿದಿರಬಹುದು. ಹಬ್ಬಕ್ಕೆ ಮುಂಚಿನ ಈ ದಿನಗಳಲ್ಲಿಯೇ ಒಮ್ಮೆ ಹೋಗಿ, ಸಾಧ್ಯವಾದರೆ ಗೊಂಬೆಗಳನ್ನೂ ಒಯ್ದು, ಒಂದೊಂದನ್ನೂ ಆಕೆಯ ಕೈಯಲ್ಲಿಟ್ಟು ಕೇಳಿರಿ: ಇದನ್ನು ತಂದವರಾರು, ಎಂದು, ಎಲ್ಲಿಂದ, ಮುರಿದವರಾರು? ಕೇಳಿದುದನ್ನು ಅಲ್ಲಿಯೇ ಸಣ್ಣ ಚೀಟಿಗಳಲ್ಲಿ ಬರೆದುಕೊಂಡು, ಆಯಾ ವಸ್ತುವನ್ನು ಸುತ್ತಿದ ಬಟ್ಟೆಗೆ ದಾರದಲ್ಲಿ ಕಟ್ಟಿರಿ. ಬಾಲ್‌ಪೆನ್ನಿನ ಶಾಯಿ ಕಾಲಾಂತರದಲ್ಲಿ ಮಾಸುತ್ತದೆ; ಸೀಸದ ಕಡ್ಡಿಯ ಬರಹ ಬಹುಕಾಲ ಬಾಳುತ್ತದೆ. ಸೀಸದ ಕಡ್ಡಿಯಲ್ಲೇ ಬರೆಯಿರಿ.